ಆಗಾಗ ಕಾಣುತ್ತವೆ ಎಂದು ಬರೆದೆ

ಸಮುದ್ರದ ಸಸ್ತನಿಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಆದೋನಿಯಲ್ಲಿ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಎಂದೂ ಆಗಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ಅವ್ವನೇ ಮುಂದಾಗಿ, ‘ಆಕಿ ಮೀನಿನ ಡಾಕ್ಟರ್ರಿ’ ಎನ್ನುತ್ತಿದ್ದಳು. ಲಿಂಗ ಕಟ್ಟಿದ ಮನೆಯ ಹುಡುಗಿಗೆ ಮೀನಿನ ಸಹವಾಸ ಯಾಕೆ ಎಂದು ಹುಬ್ಬೇರಿಸಿದವರಿಗೆ, ‘ತಿನ್ನೂದಿಲ್ರಿ, ಬರೇ ನೋಡತಾಳ’ ಎಂದು ಸಮಾಧಾನ ಹೇಳುತ್ತಿದ್ದಳು. ಅದು ಮೀನಲ್ಲ, ಡಾಲ್ಫಿನ್, ನಮ್ಮ ಹಾಗೆಯೇ ಹೆತ್ತು ಮೊಲೆಯೂಡಿಸುವ ಪ್ರಾಣಿ ಎಂದು ನಾನು ತಿದ್ದಲು ಹೋದರೆ, ‘ಹಂಗ ಹೇಳಿದ್ರ ಇನ್ನೂ ನಾಕು ಪ್ರಶ್ನಿ ಕೇಳತಾರ. ಮೀನು ಅಂತನ ಇರಲಿ ಬಿಡು’ ಎನ್ನುತ್ತಿದ್ದಳು.

ಅಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ದಲಾಲಿ ಅಂಗಡಿ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ ಹತ್ತಿಯ ರಾಶಿಗೆ ಒರಗಿ ಕೂಡುತ್ತಿದ್ದೆ. ರೈತರು ಗಾಡಿ ಇಳಿಸಿದ ಕೂಡಲೇ ಅಪ್ಪ ಒಂದು ಚಿಟಿಕೆ ಹತ್ತಿ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಇಟ್ಟು ಮೆಲ್ಲಗೆ ಎಳೆದು, ಎಳೆಯ ಉದ್ದ ನೋಡಿ, ಇದು ಆಸ್ಪರಿ ಕಡೆಯದು, ಇದು ಹೊಳಗುಂದದ್ದು ಎಂದು ಹೇಳಿಬಿಡುತ್ತಿದ್ದರು. ನನಗೆ ಎಲ್ಲ ಹತ್ತಿಯೂ ಒಂದೇ ಬಿಳುಪು. ‘ಸುಮ್ನ ನೋಡಬ್ಯಾಡ, ಒಂದನ್ನ ಇನ್ನೊಂದರ ಪಕ್ಕ ಇಟ್ಟು ನೋಡು’ ಎಂದು ಅವರು ಹೇಳಿಕೊಟ್ಟರು. ನಾನು ಕಲಿತ ಮೊದಲ ವಿಜ್ಞಾನ ಅದೇ.

ಊರಿನಲ್ಲಿಯೇ ಬಿ.ಎಸ್ಸಿ. ಮುಗಿಸಿ, ಎಂಟ್ರೆನ್ಸ್ ಬರೆದು, ತೆಲುಗು ನಾಡಿನ ಮೂಡಣ ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಾಗರ ಜೀವಶಾಸ್ತ್ರಕ್ಕೆ ಸೀಟು ಪಡೆದೆ. ಗುಂತಕಲ್ಲಿನಲ್ಲಿ ರೈಲು ಬದಲಿಸಿ ಅಪ್ಪನೇ ಕರೆದುಕೊಂಡು ಹೋದರು. ಹಾಸ್ಟೆಲಿನಲ್ಲಿ ಟ್ರಂಕು ಇಳಿಸಿದ ಮೇಲೆ ಇಬ್ಬರೂ ಸಮುದ್ರ ನೋಡಲು ನಡೆದೆವು. ಇಬ್ಬರಿಗೂ ಅದು ಮೊದಲ ಸಲ. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಮೇಲೆತ್ತಿಕೊಂಡು, ಅಲೆ ಬಂದಾಗೊಮ್ಮೆ ಹಿಂದೆ ಸರಿಯುತ್ತ ಬಹಳ ಹೊತ್ತು ನಿಂತರು. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು ಉಗಿದರು. ‘ಇಷ್ಟು ನೀರು ಐತಿ, ಒಂದು ಗುಟುಕು ಕುಡಿಯಾಕ ಬರಂಗಿಲ್ಲ ನೋಡು’ ಎಂದರು. ಇಬ್ಬರೂ ನಕ್ಕೆವು.

ಅಲ್ಲಿ ನನಗೆ ಸಿಕ್ಕಿದವರು ಇಬ್ಬರು. ಒಬ್ಬರು ನನ್ನ ಪ್ರೊಫೆಸರ್, ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ಕರಾವಳಿಯ ಹತ್ತಿರದ ನೀರಿನಲ್ಲಿ ಬದುಕುವ ಗೂನುಬೆನ್ನಿನ ಡಾಲ್ಫಿನ್‌ಗಳ ಮೇಲೆ ಅವರ ಅಧ್ಯಯನ ನಡೆದಿತ್ತು. ಎಂ.ಎಸ್ಸಿ. ಮುಗಿಯುತ್ತಲೇ ನನ್ನನ್ನು ಸಹಾಯಕಿಯಾಗಿ ತೆಗೆದುಕೊಂಡರು. ಇನ್ನೊಬ್ಬರು ನಮಗೆ ದೋಣಿ ನಡೆಸುತ್ತಿದ್ದ ಮೀನುಗಾರ. ನನ್ನ ಅಪ್ಪನ ವಯಸ್ಸು. ತೆಲುಗಿನಲ್ಲಿ ಚಿಕ್ಕಪ್ಪನನ್ನು ಕರೆಯುವಂತೆ ನಾನು ಅವರನ್ನು ‘ಬಾಬಾಯಿ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಅಮ್ಮಾಯ್’ ಎನ್ನುತ್ತಿದ್ದರು.

ಡಾಲ್ಫಿನ್‌ಗಳನ್ನು ಗುರುತಿಸುವುದು ಬೆನ್ನಿನ ಮೇಲಿನ ರೆಕ್ಕೆಯಿಂದ. ಬಲೆ, ಕಲ್ಲು, ತಮ್ಮತಮ್ಮಲ್ಲೇ ಜಗಳ, ಹೀಗೆ ಏನೇನೋ ಆಗಿ ಒಂದೊಂದರ ರೆಕ್ಕೆಯ ಅಂಚು ಒಂದೊಂದು ಥರ ಹರಿದಿರುತ್ತದೆ. ನೀರಿನಿಂದ ಮೇಲೆದ್ದು ಮುಳುಗುವಷ್ಟರಲ್ಲಿ ಫೋಟೋ ತೆಗೆದು, ದಡಕ್ಕೆ ಬಂದ ಮೇಲೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ಬಾಬಾಯಿಗೆ ಫೋಟೋ ಬೇಕಿರಲಿಲ್ಲ. ರೆಕ್ಕೆ ಕಂಡ ಕೂಡಲೇ ಹೆಸರು ಹೇಳುತ್ತಿದ್ದರು. ಎಲ್ಲಕ್ಕೂ ಅವರೇ ಹೆಸರಿಟ್ಟಿದ್ದರು. ಒಂದು ಹೆಣ್ಣಿನ ರೆಕ್ಕೆ ಹಳೆಯ ಬಟ್ಟೆಯಂತೆ ಚಿಂದಿಯಾಗಿತ್ತು. ಅದನ್ನು ‘ಚಿಂಪಿರಿ’ ಎಂದು ಕರೆಯುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ಹರುಕಲು. ಅದು ಮರಿ ಹಾಕಿಕೊಂಡು ಬಂದ ದಿನ ಬಾಬಾಯಿ ಎಂಜಿನ್ ನಿಲ್ಲಿಸಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಹುಟ್ಟಿ ಸ್ವಲ್ಪ ದಿನವಷ್ಟೇ ಆಗಿದ್ದ ಮರಿಯ ಮೈಮೇಲೆ, ಹೊಟ್ಟೆಯಲ್ಲಿ ಮಡಚಿಕೊಂಡಿದ್ದರ ಗೆರೆಗಳು ಇನ್ನೂ ಇದ್ದವು. ನನ್ನ ಜೀವನದಲ್ಲಿ ಸಂತೋಷದ ದಿನಗಳು ಯಾವುವು ಎಂದು ಕೇಳಿದರೆ ನಾನು ಅವನ್ನೇ ಹೇಳುತ್ತೇನೆ.

ಆದರೆ ಅಂಥ ಅಧ್ಯಯನಗಳು ಒಂದು ದಿನ ಮುಗಿದುಹೋಗುತ್ತವೆ. ಪ್ರೊಫೆಸರ್ ನಿವೃತ್ತರಾದರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ನನ್ನ ಜೊತೆ ಓದಿದವರಲ್ಲಿ ಒಬ್ಬ ಸಿಗಡಿ ಮರಿ ಬೆಳೆಸುವ ಕಡೆ ಸೇರಿದ, ಒಬ್ಬಳು ಬ್ಯಾಂಕ್ ಪರೀಕ್ಷೆ ಪಾಸು ಮಾಡಿದಳು, ಇನ್ನೊಬ್ಬ ಮೀನಿನ ಮೇವು ಮಾರುವ ಕೆಲಸ ಹಿಡಿದ. ಸಮುದ್ರದ ಪ್ರಾಣಿಗಳನ್ನು ನೋಡುವುದೇ ಉದ್ಯೋಗವಾಗಬೇಕೆಂದರೆ ಉಳಿದ ದಾರಿ ಒಂದೇ, ಸಲಹಾ ಸಂಸ್ಥೆ. ಸಮುದ್ರದಲ್ಲಿ ಬಂದರು ಕಟ್ಟುವವರು, ತೈಲ ಹುಡುಕುವವರು ಯಾರೇ ಆಗಲಿ, ಅಲ್ಲಿ ಎಂಥ ಪ್ರಾಣಿಗಳಿವೆ, ಅವಕ್ಕೆ ಏನಾಗಬಹುದು ಎಂದು ವರದಿ ಕೊಡಬೇಕು. ಅದನ್ನು ಬರೆದುಕೊಡುವವರೇ ಸಲಹೆಗಾರರು. ಬರೆಸುವವರೂ ಸಂಬಳ ಕೊಡುವವರೂ ಕಟ್ಟುವವರೇ.

ನಾನು ಪ್ರೊಫೆಸರ್ ಮನೆಗೆ ಹೋಗಿ ಕೇಳಿದೆ. ಅವರು ಬೇಡ ಎನ್ನಲಿಲ್ಲ. ‘ಒಳ್ಳೆಯವರು ಯಾರೂ ಹೋಗದೆ ಇದ್ದರೆ ಬರೆಯುವವರು ಯಾರು?’ ಎಂದರು. ಆ ಮಾತನ್ನು ನಾನು ಹೊಗಳಿಕೆ ಎಂದುಕೊಂಡೆ.

ನನಗೆ ಬಂದ ಮೊದಲ ಕೆಲಸವೇ ನನಗೆ ಗೊತ್ತಿದ್ದ ನೀರಿನದು. ಬಾಬಾಯಿಯ ಊರಿನ ಪಕ್ಕದ ನದೀಮುಖದಲ್ಲಿ ಒಂದು ಬಂದರು ಬರುವುದಿತ್ತು. ದೊಡ್ಡ ಹಡಗುಗಳು ಒಳಗೆ ಬರಲು ಅಲ್ಲಿ ಆಳವಾದ ಕಾಲುವೆ ತೋಡಬೇಕು. ಚಳಿಗಾಲದ ಮೊದಲಿನಿಂದ ಬೇಸಿಗೆಯ ಕೊನೆಯವರೆಗೆ ನಾನೂ ಬಾಬಾಯಿಯೂ ಅದೇ ದೋಣಿಯಲ್ಲಿ ದಿನಾ ಹೋಗಿ ಎಣಿಸಿದೆವು. ಹೋದ ದಿನವೆಲ್ಲ ಅವು ಇದ್ದವು. ತೋಡಬೇಕೆಂದು ನಕ್ಷೆಯಲ್ಲಿ ಗೆರೆ ಎಳೆದಿದ್ದ ಜಾಗದಲ್ಲಿಯೇ ತಾಯಿ ಡಾಲ್ಫಿನ್‌ಗಳು ಮರಿಗಳಿಗೆ ಹಾಲೂಡಿಸುತ್ತಿದ್ದವು. ‘ಇಲ್ಲಿಯೇ ನೆಲೆಸಿ, ಇಲ್ಲಿಯೇ ಮರಿ ಮಾಡುವ ಗುಂಪು’ ಎಂದು ನಾನು ಬರೆದು ಕಳಿಸಿದೆ.

ಸಂಸ್ಥೆಯ ಮುಖ್ಯಸ್ಥರು ಹೈದರಾಬಾದಿಗೆ ಕರೆಸಿಕೊಂಡರು. ಅವರನ್ನು ಕೆಟ್ಟವರೆಂದು ತೋರಿಸಿದರೆ ನನಗೆ ಸುಲಭವಾಗುತ್ತಿತ್ತು, ಆದರೆ ಅವರು ಕೆಟ್ಟವರಲ್ಲ. ತಾವೇ ಹವಳದ ಮೇಲೆ ಅಧ್ಯಯನ ಮಾಡಿದ್ದವರು, ಮೆಲುದನಿಯ ಮನುಷ್ಯ. ತಾವೇ ಚಹಾ ತಂದು ನನ್ನ ಮುಂದೆ ಇಟ್ಟು, ನನ್ನ ವರದಿಯ ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು.

‘ನೀವು ಮಳೆಗಾಲದಲ್ಲಿ ಅಲ್ಲಿ ನೋಡಿದ್ದೀರಾ?’ ಎಂದು ಕೇಳಿದರು.

‘ಮಳೆಗಾಲದಲ್ಲಿ ದೋಣಿ ಇಳಿಸಲು ಆಗುವುದಿಲ್ಲ ಸರ್.’

‘ಹಾಗಾದರೆ ನೆಲೆಸಿವೆ ಎಂದು ಹೇಗೆ ಬರೆದಿರಿ? ವಿಜ್ಞಾನದಲ್ಲಿ ನೋಡಿದಷ್ಟನ್ನೇ ಹೇಳಬೇಕು.’

ಆ ಸಾಲನ್ನು ಹೊಡೆದುಹಾಕಿ ಮೇಲೆ ‘ಆಗಾಗ ಕಾಣುತ್ತವೆ’ ಎಂದು ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು, ‘ನೆಲೆಸಿವೆ ಎಂದರೆ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುತ್ತಾರೆ. ಅವರು ಡಾಲ್ಫಿನ್ನೇ ಇಲ್ಲ ಎಂದು ಬರೆದುಕೊಡುತ್ತಾರೆ. ಆಗಾಗ ಕಾಣುತ್ತವೆ ಎಂದರೆ, ಹೂಳೆತ್ತುವ ಹಡಗಿನ ಮೇಲೆ ಒಬ್ಬ ವೀಕ್ಷಕರು ಇರಬೇಕು, ಡಾಲ್ಫಿನ್ ಹತ್ತಿರ ಬಂದಾಗ ಕೆಲಸ ನಿಲ್ಲಿಸಬೇಕು ಎಂದು ನಾವು ಷರತ್ತು ಹಾಕಿಸಬಹುದು. ಆ ವೀಕ್ಷಕಿ ನೀವೇ ಆಗಿರಿ.’

ಎರಡು ದಿನ ಯೋಚಿಸಿದೆ. ಯೋಚಿಸಿದಷ್ಟೂ ಅವರ ಮಾತೇ ಸರಿ ಎನ್ನಿಸಿತು. ಸಹಿ ಹಾಕಿದೆ. ಅಂದು ನನಗೆ ಒಳ್ಳೆಯ ನಿದ್ದೆ ಬಂತು. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಕೆಲಸ ಶುರುವಾಗುವ ಮೊದಲು ಊರಿನವರ ಅಭಿಪ್ರಾಯ ಕೇಳುವ ಸಭೆ ನಡೆಯಬೇಕು. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ, ಕುರ್ಚಿ ಇಟ್ಟು, ಮಜ್ಜಿಗೆ ಪ್ಯಾಕೆಟ್ ಹಂಚಿದರು. ಅಧಿಕಾರಿಗಳು ವೇದಿಕೆಯ ಮೇಲೆ ಕೂತಿದ್ದರು. ಏನಾದರೂ ಪ್ರಶ್ನೆ ಬಂದರೆ ಉತ್ತರಿಸಲೆಂದು ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿದ್ದರು. ಕೆಲವರು ಉದ್ಯೋಗ ಕೇಳಿದರು, ಕೆಲವರು ಬಲೆ ಹಾಕುವ ಜಾಗ ಹೋಗುತ್ತದೆ ಎಂದರು. ಆಮೇಲೆ ಬಾಬಾಯಿ ಎದ್ದು ಮೈಕು ಹಿಡಿದರು. ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅಲ್ಲಿ ಮರಿಗಳಿವೆ, ಅಲ್ಲಿ ತೋಡಬೇಡಿ ಎಂದರು. ಅದಕ್ಕೆ ಸಾಕ್ಷಿ ಏನು ಎಂದು ಒಬ್ಬ ಅಧಿಕಾರಿ ಕೇಳಿದ. ಬಾಬಾಯಿ ನನ್ನ ಕಡೆ ಕೈ ತೋರಿಸಿದರು.

‘ಆ ಅಮ್ಮಾಯಿ ನಾ ಪಡವಲೋನೇ ಕೂರ್ಚುನಿ ಲೆಕ್ಕ ರಾಸಿಂದಿ. ಆಮೆನೇ ಅಡಗಂಡಿ.’

ಆ ಹುಡುಗಿ ನನ್ನ ದೋಣಿಯಲ್ಲಿಯೇ ಕೂತು ಲೆಕ್ಕ ಬರೆದಿದ್ದಾಳೆ, ಅವಳನ್ನೇ ಕೇಳಿ ಎಂದು. ಅಷ್ಟು ನಂಬಿಕೆಯಿಂದ ನನ್ನನ್ನು ಯಾರೂ ಯಾವತ್ತೂ ತೋರಿಸಿರಲಿಲ್ಲ.

ಮೈಕು ನನ್ನ ಕೈಗೆ ಬಂತು. ನಾನು ಎದ್ದು ನಿಂತು, ಈ ನೀರಿನಲ್ಲಿ ಡಾಲ್ಫಿನ್‌ಗಳು ಆಗಾಗ ಕಾಣುತ್ತವೆ ಎಂದು ವರದಿಯಲ್ಲಿ ದಾಖಲಾಗಿದೆ, ಬೇಕಾದ ಎಚ್ಚರಿಕೆ ತೆಗೆದುಕೊಳ್ಳುತ್ತೇವೆ ಎಂದು ತೆಲುಗಿನಲ್ಲಿ ಹೇಳಿದೆ. ಒಂದು ನಿಮಿಷವೂ ಆಗಲಿಲ್ಲ. ಬಾಬಾಯಿ ಸಿಟ್ಟಾಗಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಕತ್ತು ಸ್ವಲ್ಪ ಮುಂದೆ ಚಾಚಿ ನನ್ನನ್ನೇ ನೋಡಿದರು. ಆಮೇಲೆ ಕೂತುಕೊಂಡರು.

ಬಂದರಿಗೆ ಅನುಮತಿ ಸಿಕ್ಕಿತು. ಹೂಳೆತ್ತುವ ಹಡಗು ಬಂತು. ನನ್ನನ್ನು ಅದರ ಮೇಲೆ ವೀಕ್ಷಕಿಯಾಗಿ ಹಾಕಿದರು. ಬೈನಾಕ್ಯುಲರ್, ವಾಕಿಟಾಕಿ, ಒಂದು ಕಟ್ಟು ಫಾರಂ. ಮೊದಲನೆಯ ದಿನ ಗುಂಪು ಹತ್ತಿರ ಬಂದದ್ದು ಕಂಡು ‘ನಿಲ್ಲಿಸಿ’ ಎಂದೆ, ನಿಲ್ಲಿಸಿದರು. ಆ ಮಧ್ಯಾಹ್ನ ಊಟ ಮಾಡುವಾಗ, ನೋಡು, ಸಹಿ ಹಾಕಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಮೂರನೆಯ ಸಲ ನಿಲ್ಲಿಸಿದಾಗ ಹಡಗಿನವರು ಯಾರಿಗೋ ಫೋನು ಮಾಡಿದರು. ಮರುದಿನ ಕ್ಯಾಪ್ಟನ್ ಬಹಳ ಮರ್ಯಾದೆಯಿಂದ ವಿವರಿಸಿದರು. ಷರತ್ತಿನಲ್ಲಿ ಇರುವುದು ‘ವೀಕ್ಷಕರ ಸಲಹೆಯನ್ನು ಪರಿಗಣಿಸತಕ್ಕದ್ದು’ ಎಂದು. ಪರಿಗಣಿಸುತ್ತೇವೆ ಮೇಡಂ, ನೀವು ಫಾರಂ ತುಂಬಿ ಎಂದರು. ಆ ಮೇಲೆ ನಾನು ‘ನಿಲ್ಲಿಸಿ’ ಎಂದಾಗಲೆಲ್ಲ ಹಡಗು ಕೆಲಸ ಮುಂದುವರಿಸುತ್ತ ನನ್ನ ಮಾತನ್ನು ಪರಿಗಣಿಸಿತು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನೀರಿನ ಮೇಲೆ ಯಾವುದೋ ಗೋಣಿಚೀಲ ತೇಲುತ್ತಿದೆ ಎಂದುಕೊಂಡೆ. ಅದು ಮುಳುಗುವುದು, ಮತ್ತೆ ಮೇಲೆ ಬರುವುದು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಅದರ ಕೆಳಗೆ ಒಂದು ಮೂತಿ ಇತ್ತು. ಅದು ಚಿಂಪಿರಿ. ಸತ್ತ ಮರಿಯನ್ನು ಮೂತಿಯ ಮೇಲೆ ಇಟ್ಟುಕೊಂಡು ಉಸಿರಾಡಿಸಲೆಂದು ಮೇಲೆ ಎತ್ತುತ್ತಿತ್ತು. ಮರಿ ಜಾರಿ ಮುಳುಗಿದರೆ ತಾನೂ ಮುಳುಗಿ ಮತ್ತೆ ಹೊತ್ತು ತರುತ್ತಿತ್ತು. ಎರಡನೆಯ ದಿನವೂ ಇತ್ತು. ಮೂರನೆಯ ದಿನ ಮರಿಯ ಚರ್ಮ ಸುಲಿಯಲು ಶುರುವಾಗಿತ್ತು, ಆದರೂ ಬಿಟ್ಟಿರಲಿಲ್ಲ. ಅಷ್ಟೂ ದಿನ ನಮ್ಮ ಹಡಗು ತಳದ ಕೆಸರನ್ನು ಹೀರುತ್ತಲೇ ಇತ್ತು. ನಾಲ್ಕನೆಯ ದಿನ ಅದು ಕಾಣಲಿಲ್ಲ.

ಫಾರಂನಲ್ಲಿ ಪ್ರಾಣಿಯ ವರ್ತನೆಗೆ ಒಂದು ಕಾಲಂ ಇರುತ್ತದೆ. ಸಂಚಾರ, ಬೇಟೆ, ವಿಶ್ರಾಂತಿ, ಆಟ, ಇತರೆ. ಮೂರು ದಿನವೂ ನಾನು ‘ಇತರೆ’ಗೆ ಗುರುತು ಹಾಕಿದೆ.

ಮರಿ ಹಡಗಿನ ಗದ್ದಲದಿಂದಲೇ ಸತ್ತಿತು ಎಂದು ನಾನು ಹೇಳಲಾರೆ. ಮರಿಗಳು ಬೇರೆ ಕಾರಣಗಳಿಂದಲೂ ಸಾಯುತ್ತವೆ, ದೇಹ ಕೊಯ್ದು ನೋಡದೆ ತಿಳಿಯುವುದಿಲ್ಲ, ದೇಹ ನನಗೆ ಸಿಗಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕೈ ಹೇಗೆ ಹುಷಾರಾಗಿ ನಡೆಯುತ್ತದೆ ಎಂದು ನೋಡುತ್ತೇನೆ. ಮುಖ್ಯಸ್ಥರು ನನಗೆ ಕಲಿಸಿದ ಹುಷಾರಿತನವೇ ಇದು.

ಆ ವಾರದ ರಜೆಯಲ್ಲಿ ಬಾಬಾಯಿಯ ಮನೆಗೆ ಹೋದೆ. ಅವರು ಹೊರಗೆ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಅವರ ಹೆಂಡತಿ ಕುರ್ಚಿ ತಂದು ಹಾಕಿ ನೀರು ಕೊಟ್ಟರು. ಮೊದಲೆಲ್ಲ ನಾನು ಆ ಮನೆಯಲ್ಲಿ ನೆಲದ ಮೇಲೆ ಚಾಪೆಯಲ್ಲಿ ಕೂಡುತ್ತಿದ್ದೆ. ಚಿಂಪಿರಿಯ ಸುದ್ದಿ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ನನ್ನಿಂದ ತಪ್ಪಾಯಿತು ಬಾಬಾಯಿ ಎಂದೆ. ಅವರು ಬಲೆಯಿಂದ ಕಣ್ಣು ಎತ್ತಲಿಲ್ಲ.

‘ಲೆಕ್ಕ ಮೀದೇ ಕದಾ, ಮೇಡಂ’ ಎಂದರು. ಲೆಕ್ಕ ನಿಮ್ಮದೇ ಅಲ್ಲವೇ.

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ನೀರು ಕುಡಿದು ಎದ್ದು ಬಂದೆ.

ಒಪ್ಪಂದ ಮುಗಿದ ಮೇಲೆ ಆದೋನಿಗೆ ವಾಪಸಾದೆ. ಮನೆಯಿಂದಲೇ ಕೆಲಸ ಮಾಡಬಹುದು ಎಂದು ಸಂಸ್ಥೆಯವರು ಹೇಳಿದರು. ನಾನೂ ಒಪ್ಪಿಕೊಂಡೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಹಡಿಯ ಕೋಣೆಯಲ್ಲಿ ಕೂತು, ನಾನು ಎಂದೂ ನೋಡದ ಬಂದರುಗಳಿಗೆ, ನಾನು ಎಂದೂ ಇಳಿಯದ ನೀರಿಗೆ, ‘ಸಾಗರ ಸಸ್ತನಿಗಳು’ ಎಂಬ ಅಧ್ಯಾಯ ಬರೆದುಕೊಟ್ಟೆ. ಕಿಟಕಿ ತೆರೆದರೆ ಪಕ್ಕದ ಹತ್ತಿ ಜಿನ್ನಿಂಗ್ ಗಿರಣಿಯಿಂದ ಅರಳೆಯ ಧೂಳು ಬಂದು ಲ್ಯಾಪ್‌ಟಾಪಿನ ಮೇಲೆ ಕೂಡುತ್ತಿತ್ತು. ಒರೆಸಿ ಮತ್ತೆ ಟೈಪು ಮಾಡುತ್ತಿದ್ದೆ. ಯಾರೂ ಬೈಯಲಿಲ್ಲ, ಚೆನ್ನಾಗಿ ಬರೆಯುತ್ತೀರಿ ಎಂದು ಹೊಗಳಿದರು.

ಒಂದು ದಿನ ಬೇರೆ ಯಾವುದೋ ಸಂಸ್ಥೆಯವರು ಬೇರೆ ಯಾವುದೋ ಕರಾವಳಿಗೆ ಬರೆದ ವರದಿ ಓದುತ್ತಿದ್ದೆ. ಅದರಲ್ಲಿ ನನ್ನ ಪ್ಯಾರಾ ಸಿಕ್ಕಿತು. ಅವಸರದಲ್ಲಿ ನಾನು ಮಾಡಿದ್ದ ಒಂದು ಕಾಗುಣಿತದ ತಪ್ಪಿನ ಸಮೇತ, ಆಗಾಗ ಕಾಣುತ್ತವೆ, ಹಾಗೆಯೇ ಇತ್ತು. ನಾನು ಬರೆದ ಸಾಲು ನನ್ನನ್ನು ಬಿಟ್ಟು ಊರೂರು ತಿರುಗುತ್ತಿತ್ತು. ಅದು ಹೋದ ಕಡೆಯೆಲ್ಲ ಒಬ್ಬ ಬಾಬಾಯಿಯ ಬಾಯಿ ಮುಚ್ಚಿಸಿರಬೇಕು. ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಬಂದೆ.

ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ, ‘ಅಪ್ಪಾ, ನೀನು ಸಣ್ಣ ಎಳಿ ಹತ್ತಿನ ಉದ್ದ ಎಳಿ ಅಂತ ಯಾವತ್ತರ ಹೇಳಿಯೇನು?’

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ.

‘ಹೇಳೀನಿ’ ಎಂದರು. ‘ಒಂದ್ಸಲ ಹೇಳೀನಿ. ಮಿಲ್ಲಿನವರು ಲಾರಿ ತುಂಬ ಹತ್ತಿ ತಿರುಗಿಸಿ ಕಳಿಸಿದ್ರು. ನಾಕು ಮಂದಿ ಎದುರಿಗೆ ತಲಿ ತಗ್ಗಿಸಿ ಇಳಿಸಿಕೊಂಡೆ. ಹತ್ತಿ ಆದ್ರ ತಿರುಗಿ ಬರತೈತಿ, ಮಗಳ. ನಿಂದು ತಿರುಗಿ ಬರಂಗಿಲ್ಲ.’

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಆ ಮಾತನ್ನು ತಳ್ಳಿಹಾಕಲು ಆಗಲಿಲ್ಲ.

ಅಂದಿನಿಂದ ಆ ಕೆಲಸ ಬಿಟ್ಟೆ. ಊರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿಕೊಂಡೆ. ಮಕ್ಕಳು ಓದುವುದು ಡಾಕ್ಟರ್ ಸೀಟಿನ ಪರೀಕ್ಷೆಗೆ. ತಿಮಿಂಗಿಲ, ಡಾಲ್ಫಿನ್ ಎರಡೂ ಸೇರಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರುತ್ತವೆ. ಆ ಸಾಲನ್ನು ನಾನು ಬೇಗ ದಾಟಿಸುತ್ತಿದ್ದೆ.

ಹಾಗೆ ದಾಟಿಸಿದ ಒಂದು ದಿನ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. ಆಸ್ಪರಿಯ ಹತ್ತಿರದ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಡಾಲ್ಫಿನ್ ಬಗ್ಗೆ ಓದುವವರಿಗೆ ಏನು ಕೆಲಸ ಸಿಗುತ್ತದೆ ಎಂದು ಕೇಳಿದಳು. ಫೋನಿನಲ್ಲಿ ಒಂದು ಪುಟ ತೋರಿಸಿದಳು. ಸಾಗರ ವಿಜ್ಞಾನದಲ್ಲಿ ಉದ್ಯೋಗಗಳು, ಸಂರಕ್ಷಣಾ ಸಲಹೆಗಾರರಾಗಿ, ಎಂದೆಲ್ಲ ಇತ್ತು. ಮೇಲೆ, ಕರಿ ರಬ್ಬರ್ ಬಟ್ಟೆ ತೊಟ್ಟ ಒಬ್ಬಳು ನೀರಿನಲ್ಲಿ ಡಾಲ್ಫಿನ್ ಮೂತಿ ಮುಟ್ಟುತ್ತಿರುವ ಚಿತ್ರ. ಭಾನುವಾರ ಮನೆಗೆ ಬಾ, ಹೇಳುತ್ತೇನೆ ಎಂದೆ.

ಅವಳು ತಾಯಿಯನ್ನೂ ಕರೆದುಕೊಂಡು ಬಂದಳು. ತಾಯಿ ಕೂಲಿಗೆ ಹತ್ತಿ ಬಿಡಿಸುವವಳು. ಬೆರಳ ತುದಿಗಳು ಒಡೆದು ಕಪ್ಪಾಗಿದ್ದವು. ನಮ್ಮ ಮನೆಯ ಸೋಫಾದ ಅಂಚಿನಲ್ಲಿ ಕೂತಳು. ಅವ್ವ ಚಹಾ ಕೊಟ್ಟಳು. ನಾನು ಯಾವ ಕೋರ್ಸು, ಯಾವ ಪರೀಕ್ಷೆ ಎಂದು ಹೇಳಲು ಶುರು ಮಾಡಿದವಳು, ಹೇಳುತ್ತ ಹೇಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ದೋಣಿ, ಸಹಿ, ಸಭೆ, ಹಡಗು, ಮರಿ. ಅಪ್ಪನಿಗೆ ಬಿಟ್ಟು ಇನ್ನಾರಿಗೂ ಅದನ್ನು ಹೇಳಿರಲಿಲ್ಲ. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

ಮೊದಲು ಮಾತಾಡಿದ್ದು ತಾಯಿ. ‘ಆ ತಾಯಿ ಎಷ್ಟು ದಿನ ಹೊತ್ತಿತ್ರಿ?’

‘ಮೂರು ದಿನ ನಾನು ನೋಡೀನ್ರಿ. ಆಮ್ಯಾಗ ಗೊತ್ತಿಲ್ಲ.’

ಅವಳು ಚಹಾದ ಲೋಟ ಕೆಳಗಿಟ್ಟಳು. ‘ಈಕಿಗಿಂತ ಮೊದಲ ಒಂದು ಗಂಡು ಹುಟ್ಟಿತ್ರಿ. ದವಾಖಾನ್ಯಾಗ ಹೋತು. ಗೊತ್ತಾದ್ರ ಬಸ್ಸಿನಾಗ ಹತ್ತಿಸಿಕೊಳ್ಳಂಗಿಲ್ಲ ಅಂತ, ಮಕ್ಕೊಂಡೈತಿ ಅನ್ನಂಗ ಎದಿಗೆ ಹಚ್ಚಿಕೊಂಡು ಊರತನಕ ಬಂದೆ. ಪಕ್ಕದಾಕಿ, ಪಾಪು ಭಾಳ ಶಾಣ್ಯಾ ಐತಿ, ಅಳಂಗೇ ಇಲ್ಲ ಅಂದ್ಲು.’

ಹುಡುಗಿಗೆ ಇದು ಗೊತ್ತಿದ್ದ ಸಂಗತಿಯೇ ಇರಬೇಕು, ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಅವಳು ನನ್ನನ್ನು ನೇರ ನೋಡಿ ಕೇಳಿದಳು.

‘ಆ ದಿನ ಮೈಕ್ ಕೈಗೆ ಕೊಟ್ಟಾಗ ನೀವು ಖರೆ ಹೇಳಿದ್ರ ಏನಾಕ್ಕಿತ್ರಿ ಮೇಡಂ?’

‘ಕೆಲಸ ಹೋಗತಿತ್ತು.’

‘ಅಷ್ಟನರಿ?’

‘ಅಷ್ಟೇ’ ಎಂದೆ.

ಇಷ್ಟು ವರ್ಷ ನನ್ನೊಳಗೆ ನಾನು ನಡೆಸಿದ್ದ ವಾದವೆಲ್ಲ ಎಷ್ಟು ಉದ್ದವಾಗಿತ್ತು. ಅವಳು ಕೇಳಿದಾಗ ಒಂದು ಮಾತಿನಲ್ಲಿ ಮುಗಿಯಿತು.

ಅವರು ಹೋದ ಮೇಲೆ ಟ್ರಂಕಿನಿಂದ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದೆ. ಉಪ್ಪುನೀರು ತಾಗಿ ಹಾಳೆಗಳು ಬಿರುಸಾಗಿದ್ದವು. ಪ್ರತಿ ದಿನದ್ದೂ ಇತ್ತು. ಯಾವ ರೆಕ್ಕೆ, ಎಲ್ಲಿ, ಜೊತೆಗೆ ಮರಿ ಇತ್ತೋ ಇಲ್ಲವೋ. ಎಲ್ಲವನ್ನೂ ಜೆರಾಕ್ಸ್ ಮಾಡಿಸಿ, ನನ್ನ ಸಹಿಯ ವರದಿಯಲ್ಲಿ ಆ ಸಾಲು ಸುಳ್ಳು, ಅದು ಸುಳ್ಳೆಂದು ಗೊತ್ತಿದ್ದೇ ಸಹಿ ಹಾಕಿದೆ ಎಂದು ಬರೆದು, ಅನುಮತಿ ಕೊಟ್ಟ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಒಂದು ಪ್ರತಿ ಪ್ರೊಫೆಸರಿಗೆ ಕಳಿಸಿದೆ.

ಏನಾದರೂ ಆಗುತ್ತದೆ ಎಂದು ಕಾದೆ. ನೋಟಿಸು ಬರಬಹುದು, ಕೇಸು ಹಾಕಬಹುದು, ಯಾರಾದರೂ ಫೋನು ಮಾಡಿ ಬೈಯಬಹುದು. ನಿಜವಾಗಿ ಹೇಳಬೇಕೆಂದರೆ ಬೈಗುಳ ನನಗೆ ಬೇಕಾಗಿತ್ತು. ಬಂದದ್ದು ಮೂರು ಸಾಲಿನ ಪತ್ರ. ನಿಮ್ಮ ಪತ್ರ ತಲುಪಿದೆ, ಸದರಿ ಯೋಜನೆ ಪೂರ್ಣಗೊಂಡಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ, ವಂದನೆಗಳು. ಪ್ರೊಫೆಸರ್ ಫೋನಿನಲ್ಲಿ ಒಂದು ಸಂದೇಶ ಕಳಿಸಿದರು. ‘ಆಗಲೇ ಕಳಿಸಿದ್ದರೆ ನಾನು ಏನಾದರೂ ಮಾಡಬಹುದಿತ್ತು.’ ಅದರ ಕೆಳಗೆ ಬೇರೇನೂ ಇರಲಿಲ್ಲ.

ಕೊನೆಗೆ ಧೈರ್ಯ ಮಾಡಿ ಬಾಬಾಯಿಯ ನಂಬರಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು. ದೋಣಿ ಮಾರಿದ್ದೇವೆ, ಅವರು ಪಡುವಣ ಕರಾವಳಿಗೆ ಹೋಗಿ ಬೇರೆಯವರ ದೊಡ್ಡ ಬೋಟಿನಲ್ಲಿ ಕೂಲಿಗೆ ಇದ್ದಾರೆ ಎಂದರು. ಡಾಲ್ಫಿನ್‌ಗಳು ಕಾಣುತ್ತವೆಯೇ ಎಂದು ಕೇಳಿದೆ.

‘ಇಪ್ಪುಡು ಕನಪಡಟ್ಲೇದು’ ಎಂದರು. ಈಗ ಕಾಣಿಸುತ್ತಿಲ್ಲ. ನಾನು ನಿಜ ಬರೆದು ಕಳಿಸಿದ್ದೇನೆ ಎಂದು ಅವರಿಗೆ ಹೇಳಿ ಎಂದೆ. ಯಾರಿಗೆ ಕಳಿಸಿದಿರಿ ಎಂದು ಅವರು ಕೇಳಿದರು. ಕಚೇರಿಗೆ ಎಂದೆ. ಸರಿ ಎಂದು ಫೋನು ಇಟ್ಟರು.

ಪರೀಕ್ಷೆಗಳು ಮುಗಿದು, ಮಕ್ಕಳೆಲ್ಲ ಊರಿಗೆ ಹೋದರು. ಹಸಿ ಶೇಂಗಾ ಬರುವ ಹೊತ್ತಿಗೆ ಆ ತಾಯಿ ಒಬ್ಬಳೇ ಮನೆಗೆ ಬಂದಳು. ಕೈಚೀಲದ ತುಂಬ ಶೇಂಗಾ ತಂದಿದ್ದಳು. ಮಗಳು ಕರ್ನೂಲಿನಲ್ಲಿ ನರ್ಸಿಂಗ್ ಸೇರಿದ್ದಾಳೆ ಎಂದು ಹೇಳಿದಳು.

‘ಸಮುದ್ರದ್ದು ಪರೀಕ್ಷಾ ಬರದಿದ್ಲಲ್ಲ?’

‘ಬರದಿದ್ಲ್ರಿ. ಸೀಟೂ ಬಂದಿತ್ರಿ. ಹೋಗು ಅಂತ ನಾನೂ ಅಂದೆ, ಅವರಪ್ಪನೂ ಅಂದ. ಆಕೀನ ಒಲ್ಲೆ ಅಂದ್ಲು.’

‘ಯಾಕಂತ?’

ಅವಳು ಸ್ವಲ್ಪ ಸಂಕೋಚಪಟ್ಟಳು. ‘ಮೇಡಂ ಅಂಥಾಕಿಗೇ ಖರೆ ಬರಿಯಾಕ ಆಗಲಿಲ್ಲ ಅಂದ್ರ ನನ್ನ ಕೈಲಿ ಆಕ್ಕತೇನು, ಅಂದ್ಲ್ರಿ. ನೀವು ಹೇಳಿದ್ದು ಚೊಲೋ ಆತು ಬಿಡ್ರಿ. ನರ್ಸ್ ಆದ್ರ ಇಲ್ಲೇ ಹತ್ರ ಇರತಾಳ.’

ಅವಳು ನನಗೆ ಕೃತಜ್ಞತೆ ಹೇಳುತ್ತಿದ್ದಳು. ‘ಅಷ್ಟನರಿ?’ ಎಂದು ಕೇಳಿದ ಆ ಹುಡುಗಿ ಮೈಕು ಕೈಗೆ ಬಂದಿದ್ದರೆ ನಿಜವನ್ನೇ ಹೇಳುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿಗೆ ಹೋಗಬೇಕಾಗಿದ್ದವಳು ಅವಳೇ. ಅವಳನ್ನು ತಡೆದವಳು ನಾನು. ಇದನ್ನು ಆ ತಾಯಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ಆಸ್ಪರಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ‘ಬರತೀನ್ರಿ’ ಎಂದು ಮೆಟ್ಟಿಲು ಇಳಿದಳು.